ಉಚಿತವಾಗಿ ಬಂದ ಲಾಂಛನ

(ಸಿರವಾರದಲ್ಲಿ ಬೀಜ ಉಳಿಸುವ ರೈತ ಗುಂಪುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮಲೆನಾಡಿನವನಾದ ನನ್ನನ್ನು ಬೀಜದ ಕುರಿತು ಮಾತನಾಡಲು ಕರೆದಿದ್ದೀರಿ. ನಾನಿಂದು ಬೀಜದ ಚೀಲದ ಮೇಲಿನ ಚಿತ್ರದ ಕುರಿತು ಮಾತನಾಡುತ್ತೇನೆ. ಲಾಭದ ಅಪೇಕ್ಷೆಯಿಲ್ಲದ ಸಂಸ್ಥೆಗಳಿಗೆ ಹೆಸರು, ಲಾಂಛನ, ಚೀಟಿಗಳನ್ನು ಸಂಭಾವನೆ ಪಡೆಯದೆ ರೂಪಿಸಿಕೊಡುವ ವಿನ್ಯಾಸಕಾರರು ನಗರಗಳಲ್ಲಿದ್ದಾರೆ. ಅದು ದೊಡ್ಡ ಮನಸ್ಸಿನ ಕೆಲಸ. ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದೆನ್ನುತ್ತಾರೆ. ಈ ದಾನದಲ್ಲಿ ಮಾತ್ರ ಎಣಿಸಲೇಬೇಕು.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಆ ಅಪ್ಪುಗೆಯೇ ಚಳವಳಿಗೆ ಹೆಸರೂ ಆಯಿತು, ಗುರುತೂ ಆಯಿತು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳು ಅದರ ಧ್ಯೇಯವಾದವು. ಅಲ್ಲಿ ಕೆಲಸ ಮೊದಲು, ಗುರುತು ಅನಂತರ.

1961ರಲ್ಲಿ ವಿಶ್ವ ವನ್ಯಜೀವಿ ನಿಧಿ ಸ್ಥಾಪನೆಯಾದಾಗ ಸ್ಥಾಪಕರಲ್ಲೊಬ್ಬರಾದ ಪೀಟರ್ ಸ್ಕಾಟ್ ತಾವೇ ಪಾಂಡಾದ ಲಾಂಛನ ಬರೆದರು. ಕಪ್ಪುಬಿಳುಪಿನ ಪ್ರಾಣಿಯಾದರೆ ಮುದ್ರಣದ ಖರ್ಚು ಉಳಿಯುತ್ತದೆಂಬುದೂ ಆ ಆಯ್ಕೆಗೆ ಒಂದು ಕಾರಣ. ಈ ವಿವೇಕ ನಮಗಿರಲಿಲ್ಲ. ನಮ್ಮೂರಿನ ಬೀಜದ ಗುಂಪಿಗೆ ಹಿತೈಷಿಯೊಬ್ಬರು ಐದು ಬಣ್ಣಗಳ ಲಾಂಛನ ಕೊಟ್ಟರು. ಸಂತೆಪೇಟೆಯ ಮುದ್ರಣಾಲಯದಲ್ಲಿ ಒಂದೇ ಬಣ್ಣದಲ್ಲಿ ಅಚ್ಚಾದಾಗ ಭತ್ತದ ತೆನೆ ಮಸಿಯ ಕಲೆಯಂತೆ ಕಂಡಿತು. ತಪ್ಪು ಅವರದಲ್ಲ, ನಾವು ಎಲ್ಲಿ, ಯಾವುದರ ಮೇಲೆ ಅಚ್ಚು ಹಾಕುತ್ತೇವೆಂದು ಹೇಳಿಯೇ ಇರಲಿಲ್ಲ. ಗೋಡೆ ಬರೆಯುವವನು ಒಂದೇ ಬಣ್ಣದಲ್ಲಿ ಬರೆಯಬಲ್ಲ ಗುರುತನ್ನೇ ಕೇಳಿ.

ಎರಡನೆಯ ಮಾತು ಒಡೆತನದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಹೀಗೆ ಉಚಿತವಾಗಿ ಬರೆದುಕೊಟ್ಟ ಚಿತ್ರದ ಹಕ್ಕು ಸಾಮಾನ್ಯವಾಗಿ ಬರೆದವರಲ್ಲೇ ಉಳಿಯುತ್ತದೆ. ಅದು ನಿಮ್ಮದಾಗಬೇಕಾದರೆ ಅವರ ಸಹಿಯುಳ್ಳ ಪತ್ರ ಬೇಕು. ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ವರ್ಗಾವಣೆ ಐದೇ ವರ್ಷಕ್ಕೆಂದು ಕಾನೂನು ಭಾವಿಸುತ್ತದೆ. ಸ್ನೇಹವಿರುವಾಗಲೇ ಪತ್ರವಾಗಲಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ಸಂರಕ್ಷಿತ ತಳಿಯ ಬೀಜವನ್ನೂ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಅದೇ ಬೀಜವನ್ನು ಚೀಲಕ್ಕೆ ತುಂಬಿ, ಇದು ಇಂಥ ಸಂರಕ್ಷಿತ ತಳಿಯೆಂದು ತಿಳಿಸುವ ಚೀಟಿ ಹಚ್ಚಿದರೆ ಅದು ‘ಬ್ರಾಂಡೆಡ್ ಬೀಜ’ವಾಗುತ್ತದೆ, ಅದನ್ನು ಮಾರುವ ಹಕ್ಕು ರೈತನಿಗಿಲ್ಲ. ವಿನ್ಯಾಸಕಾರರಿಗೆ ಇದು ತಿಳಿದಿರಬೇಕಿಲ್ಲ, ನಮಗೆ ತಿಳಿದಿರಬೇಕು. ಸುಂದರವಾದ ಒಂದು ಚೀಟಿಯಿಂದ ನಮ್ಮ ಹಕ್ಕು ತಪ್ಪೆನಿಸಿಕೊಳ್ಳಬಾರದು. ಹೊಲದಲ್ಲೇ ಉಳಿದುಬಂದ ಜೋಳ, ತೊಗರಿಯ ನಾಟಿ ತಳಿಗಳನ್ನು ರೈತರ ತಳಿಗಳೆಂದು ನೋಂದಾಯಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ಚೀಲದ ಅಲಂಕಾರಕ್ಕೆ ಮೊದಲು ಆ ಕೆಲಸವಾಗಲಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದವರು ನೀವು. ಕಾಗದದಲ್ಲಿರುವ ನೀರು ಹೊಲಕ್ಕೆ ಬಾರದಿದ್ದರೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಚೀಲದ ಮೇಲಿನ ಲಾಂಛನವೂ ಕೊಟ್ಟ ಮಾತೇ. ಅದನ್ನು ಉಚಿತವಾಗಿ ಪಡೆಯಬಹುದು. ಉಳಿಸಿಕೊಳ್ಳುವ ಬೆಲೆಯನ್ನು ಒಳಗಿನ ಬೀಜವೇ ತೆರಬೇಕು.