ಹಣ್ಣು ಸ್ವಲ್ಪ, ನೀರು ಬಹಳ

ಯುಗಾದಿ ಮುಗಿದು ರಾಮನವಮಿ ಬರುವ ಹೊತ್ತಿಗೆ ಬಿಸಿಲು ಚುರುಗುಟ್ಟತೊಡಗುತ್ತದೆ. ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಚಪ್ಪರ ಹಾಕಿ ಕೊಳಗಗಟ್ಟಲೆ ಪಾನಕ, ನೀರುಮಜ್ಜಿಗೆ, ದೊನ್ನೆಯಲ್ಲಿ ಹೆಸರುಬೇಳೆ ಕೋಸಂಬರಿ ಹಂಚುವುದನ್ನು ನೀವೆಲ್ಲ ಕಂಡಿದ್ದೀರಿ. ಎರಡನೇ ಸಲ ಸಾಲಿನಲ್ಲಿ ನಿಂತವರೂ ನಮ್ಮಲ್ಲಿ ಕಡಿಮೆಯೇನಿಲ್ಲ. ಆ ಕೊಳಗದೊಳಗೆ ಏನಿರುತ್ತದೆ? ಹಣ್ಣು ಸ್ವಲ್ಪ, ನೀರು ಬಹಳ. ಜೊತೆಗೆ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು. ಈಗ ನಾವು ಮನೆಯಲ್ಲಿ ಮಾಡುವ ಜ್ಯೂಸು ಇದಕ್ಕೆ ತಿರುವುಮುರುವು. ಹಣ್ಣಿನ ರಾಶಿಯನ್ನೇ ಮಿಕ್ಸಿಗೆ ಹಾಕಿ, ಹನಿ ನೀರೂ ಸೇರಿಸದೆ, ಮೇಲೆ ಸಕ್ಕರೆ ಸುರಿಯುತ್ತೇವೆ. ಬೇಸಿಗೆಯ ದಾಹಕ್ಕೆ ಪಾನಕವೇ ಸರಿ ಎನ್ನುವವನು ನಾನು. ಯಾಕೆಂದು ಹೇಳುತ್ತೇನೆ.

ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟನ್ನೂ ಸುಲಿದು ತೊಳೆ ತೊಳೆಯಾಗಿ ತಿನ್ನಲು ಕೂತರೆ ಎರಡನೆಯದಕ್ಕೇ ಸಾಕೆನಿಸುತ್ತದೆ. ರಸವಾದರೆ ಎರಡು ನಿಮಿಷದಲ್ಲಿ ಗಂಟಲಿಳಿಯುತ್ತದೆ. ನಾರು ಸೋಸಣಿಗೆಯಲ್ಲಿ ಉಳಿಯಿತು, ಸಕ್ಕರೆ ಅಷ್ಟೂ ಹೊಟ್ಟೆಗೆ ಹೋಯಿತು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ಮಾರ್ಗಸೂಚಿಯಲ್ಲಿ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿತು. ಇಡಿಯ ಹಣ್ಣನ್ನು ಸೇರಿಸಲಿಲ್ಲ. ಬೆಲ್ಲ ಹಾಕಿದರೆ ದೋಷವಿಲ್ಲ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ, ರುಚಿ ಬೇರೆ ಅಷ್ಟೆ.

ಇನ್ನು ಆ ಚಿಟಿಕೆ ಉಪ್ಪು. ಬೆವರಿನೊಂದಿಗೆ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಉಪ್ಪಿನ ಸೋಡಿಯಂ ಜೊತೆಜೊತೆಯಾಗಿ ಒಳಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ದ್ರಾವಣ ಸಾಲದೆ ಬಂದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆತ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಅಸಂಖ್ಯ ಜನರನ್ನು ಉಳಿಸಿದ್ದು ಈ ತತ್ತ್ವದಿಂದಲೇ. ಹಾಗೆಂದು ವಾಂತಿ ಭೇದಿ ಆದವರಿಗೆ ಪಾನಕ ಕೊಡಬೇಡಿ. ಅವರಿಗೆ ಅಳತೆ ಮುಖ್ಯ: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಅಂಗಡಿಯಲ್ಲಿ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಲೇಸು.

ಈಗ ಬೇಲದ ಹಣ್ಣಿಗೆ ಬರೋಣ. ಪೇಟೆಯ ಮಕ್ಕಳಿಗೆ ಇದರ ಪರಿಚಯವೇ ತಪ್ಪಿಹೋಗಿದೆ. ಬೂದುಬಣ್ಣದ, ಕಲ್ಲಿನಂಥ ಚಿಪ್ಪು. ಕೊಳ್ಳುವಾಗ ಮೊಳದೆತ್ತರದಿಂದ ನೆಲಕ್ಕೆ ಬಿಟ್ಟು ನೋಡಿ. ಕಾಯಿಯಾದರೆ ಪುಟಿಯುತ್ತದೆ, ಹಣ್ಣಾದರೆ ದೊಪ್ಪೆಂದು ಬಿದ್ದಲ್ಲೇ ಕೂರುತ್ತದೆ. ಹೊಸಿಲಿಗೆ ಕುಟ್ಟಿ ಒಡೆದರೆ ಒಳಗೆ ಹುಣಸೆಹಣ್ಣಿನ ಬಣ್ಣದ ಅಂಟು ತಿರುಳು, ಅದರ ತುಂಬ ಸಣ್ಣ ಬೀಜ, ನಾರು. ವಾಸನೆ ಎಲ್ಲರಿಗೂ ಹಿಡಿಸದು, ಹಿಡಿಸಿದವರು ಬಿಡುವುದೂ ಇಲ್ಲ. ಒಂದು ಹಣ್ಣಿನ ತಿರುಳನ್ನು ಎರಡು ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಕೈಯಿಂದಲೇ ಚೆನ್ನಾಗಿ ಕಿವುಚಿ. ಮಿಕ್ಸಿಗೆ ಹಾಕಬೇಡಿ, ಬೀಜ ಅರೆದರೆ ಒಗರು ಬಿಡುತ್ತದೆ. ದಪ್ಪ ಕಣ್ಣಿನ ಜರಡಿಯಲ್ಲಿ ಸೋಸಿ ಇನ್ನೆರಡು ಲೋಟ ನೀರು, ರುಚಿಗೆ ಬೆಲ್ಲ, ಕುಟ್ಟಿದ ಏಲಕ್ಕಿ, ಚಿಟಿಕೆ ಶುಂಠಿ, ಚಿಟಿಕೆ ಉಪ್ಪು. ಆವತ್ತೇ ಕುಡಿದು ಮುಗಿಸಿ. ಬೆಲ್ಲದ ಪಾನಕ ಸೆಕೆಯಲ್ಲಿ ಬೇಗ ಹುದುಗುತ್ತದೆ.

ಕರಾವಳಿಯಲ್ಲಿ ಪುನರ್ಪುಳಿ, ಘಟ್ಟದ ಮೇಲೆ ಮುರುಗಲು ಎನ್ನುವ ಹಣ್ಣು ಸಿಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿಯುವುದರೊಳಗೆ ಕೆಲಸ ಮುಗಿಸಬೇಕೆಂದು ಅಂಗಳದ ತುಂಬ ಸಿಪ್ಪೆ ಹರಡಿಕೊಂಡು ಕಾಗೆ ಕಾಯುವ ದಿನಗಳವು. ಹಣ್ಣನ್ನು ಎರಡು ಹೋಳು ಮಾಡಿ, ಒಳಗಿನ ಬೀಜ ತೆಗೆದು, ಬಟ್ಟಲಿನಂಥ ಸಿಪ್ಪೆಗೆ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟರೆ ಕೆಲವೇ ದಿನಗಳಲ್ಲಿ ಕಡುಗೆಂಪು ರಸ ಬಿಟ್ಟುಕೊಳ್ಳುತ್ತದೆ. ಸಕ್ಕರೆ ಅಷ್ಟು ಗಟ್ಟಿಯಾಗಿರುವುದರಿಂದ ಬೂಷ್ಟು ಹಿಡಿಯುವುದಿಲ್ಲ, ಆದರೆ ಒದ್ದೆ ಚಮಚ ಮಾತ್ರ ಸೋಕಬಾರದು. ಒಂದು ಲೋಟ ನೀರಿಗೆ ಎರಡು ಚಮಚ ಈ ರಸ ಸಾಕು. ಅಷ್ಟು ಸಕ್ಕರೆ ಬೇಡವೆನ್ನುವವರು ಒಣಗಿದ ಸಿಪ್ಪೆ ತನ್ನಿ. ಆರೇಳು ಸಿಪ್ಪೆಯನ್ನು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ಹಿಂಡಿ, ಹುರಿದ ಜೀರಿಗೆಪುಡಿ, ಉಪ್ಪು, ತುಸು ಬೆಲ್ಲ ಸೇರಿಸಿದರೆ ಎರಡು ಲೋಟ ಆಗುತ್ತದೆ. ಮಕ್ಕಳಿದ್ದರೆ ಸ್ವಲ್ಪ ರಸವನ್ನು ಬೇರೆ ಬಟ್ಟಲಿಗೆ ಹಾಕಿ ಅಡುಗೆ ಸೋಡಾ ಉದುರಿಸಿ ತೋರಿಸಿ. ಕೆಂಪು ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಆ ಕೆಂಪು ಹುಳಿಯಲ್ಲಿ ಮಾತ್ರ ನಿಲ್ಲುವ ಬಣ್ಣ. ಬೀಜವನ್ನೂ ಎಸೆಯುವಂತಿಲ್ಲ, ಅದರಿಂದ ತೆಗೆಯುವ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ ಹಳೆಯ ಮದ್ದು.

ಮಾವಿನಕಾಯಿ ಎಲ್ಲ ಊರಿನಲ್ಲೂ ಸಿಗುತ್ತದೆ. ಬೇಯಿಸಿ, ತಿರುಳು ಹಿಂಡಿ, ನಾಲ್ಕರಷ್ಟು ನೀರು ಬೆರೆಸಿ ಬೆಲ್ಲ ಹಾಕಿದರೆ ಪಾನಕ. ಅದಕ್ಕೇ ಬೆಲ್ಲದ ಬದಲು ಉಪ್ಪು, ಹಸಿಮೆಣಸು ಹಾಕಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಉತ್ತರ ಕನ್ನಡದ ಅಪ್ಪೆಹುಳಿ. ಊಟದ ಕೊನೆಗೆ ಅದನ್ನು ಲೋಟದಲ್ಲಿ ಕುಡಿದು ಅಲ್ಲೇ ಚಾಪೆ ಹಾಸುವವರನ್ನು ಯಾರೂ ಎಬ್ಬಿಸುವುದಿಲ್ಲ. ಸಕ್ಕರೆಯ ಸೋಂಕೇ ಇಲ್ಲದ ಈ ಪಾನೀಯಕ್ಕೆ ನನ್ನ ಮೊದಲ ಮತ.

ಕಲ್ಲಂಗಡಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಅದನ್ನು ತಿಂದರೂ ಸರಿ, ಕುಡಿದರೂ ಸರಿ. ಸೋಸದೆ ಕುಡಿಯಿರಿ, ನಿಂಬೆರಸ ನಾಲ್ಕು ಹನಿ ಹಿಂಡಿ. ಕರಬೂಜವನ್ನು ಹೆಚ್ಚಿ ಬೆಲ್ಲ, ಏಲಕ್ಕಿ, ನೀರು ಬೆರೆಸುವುದು ಎಲ್ಲರಿಗೂ ಗೊತ್ತು. ಕಾಮಕಸ್ತೂರಿ ಬೀಜ ಹಾಕುವುದಿದ್ದರೆ ಮೊದಲೇ ನೀರಿನಲ್ಲಿ ಪೂರ್ತಿ ಉಬ್ಬಿಸಿ. ಒಣಬೀಜ ಗಂಟಲಿನಲ್ಲಿ ಉಬ್ಬಿದರೆ ಕಷ್ಟ.

ನೀರಿನ ಮಾತು ಉಳಿಯಿತು. ಪಾನಕವನ್ನು ಕುದಿಸುವುದಿಲ್ಲವಾದ್ದರಿಂದ ನೀರನ್ನೇ ಮೊದಲು ಕುದಿಸಿ ಆರಿಸಬೇಕು. ಮಂಜುಗಡ್ಡೆಗೂ ಅದೇ ನೀರು. ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ತಣ್ಣಗಿದ್ದ ಮಾತ್ರಕ್ಕೆ ಸಾಯುವುದಿಲ್ಲ. ಕಲ್ಲಂಗಡಿ, ಕರಬೂಜದ ಹೊರಸಿಪ್ಪೆಯನ್ನೂ ಉಜ್ಜಿ ತೊಳೆಯಿರಿ. ಸಿಪ್ಪೆ ತಿನ್ನುವುದಿಲ್ಲ ನಿಜ, ಆದರೆ ಚಾಕು ಅದರ ಮೇಲಿನ ಕೊಳೆಯನ್ನು ತಿರುಳಿನೊಳಕ್ಕೆ ಒಯ್ಯುತ್ತದೆ. ರಕ್ತದೊತ್ತಡ ಇರುವವರು ಉಪ್ಪು ಬಿಡಿ. ಮೂತ್ರಪಿಂಡದ ತೊಂದರೆ ಇರುವವರು ಇವುಗಳಲ್ಲಿ ಎಷ್ಟು ಕುಡಿಯಬಹುದೆಂದು ವೈದ್ಯರನ್ನೇ ಕೇಳಿ. ಹುಳಿ ಕುಡಿದ ಕೂಡಲೇ ಹಲ್ಲುಜ್ಜಬೇಡಿ, ಬಾಯಿ ಮುಕ್ಕಳಿಸಿದರೆ ಸಾಕು. ಅಟ್ಟದ ಮೇಲಿನ ಹಿತ್ತಾಳೆ ಕೊಳಗವನ್ನು ಈ ಸಲ ಇಳಿಸುವ ಆಸೆಯಿದ್ದರೆ ಮೊದಲು ಕಲಾಯಿ ಹಾಕಿಸಿ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರಗಳಲ್ಲಿ ಹುಳಿ ನಿಂತರೆ ಲೋಹ ಬಿಟ್ಟುಕೊಂಡು ಹೊಟ್ಟೆ ತೊಳಸುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಸ್ಟೀಲ್ ಪಾತ್ರೆ, ಮಣ್ಣಿನ ಹೂಜಿ ಇದ್ದೇ ಇವೆ.