ಹೃದಯದ ಗುಳಿಗೆ ಯಾರ ಸ್ವತ್ತು?

(ಪಕ್ಷದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಹೃದ್ರೋಗ ಧನಿಕರ ಕಾಯಿಲೆ, ತುಪ್ಪ ತಿನ್ನುವವರಿಗೆ ಬರುವಂಥದು ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದಿದೆ. ಇದು ಸುಳ್ಳು. ಹಮಾಲನಿಗೂ ಅದು ಬರುತ್ತದೆ, ಬೀಡಿ ಕಟ್ಟುವವಳಿಗೂ ಬರುತ್ತದೆ. ದುಡಿಯುವವನು ಬಿದ್ದರೆ ಮನೆಯ ಒಲೆಯೂ ಆರುತ್ತದೆ. ಆದ್ದರಿಂದ ಈ ವಿಷಯವನ್ನು ಡಾಕ್ಟರರಿಗೇ ಬಿಟ್ಟು ನಾವು ಸುಮ್ಮನಿರುವಂತಿಲ್ಲ.

ಕೊಲೆಸ್ಟರಾಲನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ. ಅದು ದೇಹಕ್ಕೆ ಬೇಕು. ಆದರೆ ರಕ್ತದಲ್ಲಿ ಮಿತಿಮೀರಿದರೆ ರಕ್ತನಾಳದ ಗೋಡೆಯಲ್ಲಿ ಸೇರಿ ದಾರಿ ಕಟ್ಟುತ್ತದೆ. ಜಪಾನಿನ ರೈತ ಕುಟುಂಬದಲ್ಲಿ ಹುಟ್ಟಿದ ಅಕಿರಾ ಎಂಡೋ ಅವರು ಸುಮಾರು 6,000 ಬಗೆಯ ಬೂಷ್ಟುಗಳನ್ನು ಪರೀಕ್ಷಿಸಿ, 1973ರಲ್ಲಿ ಈ ತಯಾರಿಕೆಯನ್ನು ತಡೆಯುವ ವಸ್ತುವನ್ನು ಕಂಡುಹಿಡಿದರು. ಸ್ಟಾಟಿನ್ ಔಷಧಿಗಳ ಮೂಲ ಅದೇ.

1994ರಲ್ಲಿ ಸ್ಕ್ಯಾಂಡಿನೇವಿಯದ 4,444 ಹೃದ್ರೋಗಿಗಳ ಪರೀಕ್ಷೆಯ ಫಲ ಹೊರಬಂತು. ಐದು ವರ್ಷಗಳಿಗೂ ಮೀರಿದ ಆ ಅವಧಿಯಲ್ಲಿ ಸಿಮ್ವಾಸ್ಟಾಟಿನ್ ಸೇವಿಸಿದವರಲ್ಲಿ ಸಾವು ಶೇ. 30ರಷ್ಟು ಕಡಿಮೆ. ಕೊಟ್ಟದ್ದು ದಿನಕ್ಕೆ 20ರಿಂದ 40 ಮಿಲಿಗ್ರಾಂ. ಇಂದಿನ ಲೆಕ್ಕದಲ್ಲಿ ಮಧ್ಯಮ ಪ್ರಮಾಣವೇ. ಅಟೋರ್ವಾಸ್ಟಾಟಿನ್ ಆದರೆ 10ರಿಂದ 20 ಮಿಲಿಗ್ರಾಂ. ಇಷ್ಟರಿಂದಲೇ ಕೆಟ್ಟ ಕೊಲೆಸ್ಟರಾಲ್ ಶೇ. 30ರಿಂದ 49ರಷ್ಟು ಇಳಿಯುತ್ತದೆ. ಪ್ರಮಾಣವನ್ನು ಇಮ್ಮಡಿ ಮಾಡಿದರೆ ಇಳಿತವೂ ಇಮ್ಮಡಿಯಾಗದು. ಹೆಚ್ಚಾಗಿ ಸಿಗುವುದು ಸುಮಾರು ಶೇ. 6 ಮಾತ್ರ. ಹೃದಯಾಘಾತವಾದವರಿಗೆ ದೊಡ್ಡ ಪ್ರಮಾಣ ಬೇಕೆಂದು ವೈದ್ಯರು ಹೇಳುತ್ತಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಕೆಲವರಿಗೆ ಸ್ನಾಯುನೋವು ಬರುವುದುಂಟು, ಸಕ್ಕರೆ ಸ್ವಲ್ಪ ಏರುವುದುಂಟು. ಆದ್ದರಿಂದ ವೈದ್ಯರ ತಪಾಸಣೆ ಬೇಕು. ಆದರೆ ಏನೂ ಸಿಗದವನಿಗೆ ಈ ಮಧ್ಯಮ ಪ್ರಮಾಣ ಸಿಕ್ಕರೂ ಬಹುಪಾಲು ಲಾಭ ಸಿಕ್ಕಂತೆಯೇ.

ಈಗ ಲಾಭದ ಇನ್ನೊಂದು ಲೆಕ್ಕ ನೋಡೋಣ. ಅಟೋರ್ವಾಸ್ಟಾಟಿನ್ನನ್ನೇ ಲಿಪಿಟಾರ್ ಎಂಬ ಹೆಸರಿನಲ್ಲಿ ಮಾರಿ ಫೈಜರ್ ಕಂಪನಿ ಒಂದೊಂದು ವರ್ಷ 1,000 ಕೋಟಿ ಡಾಲರಿಗೂ ಮಿಕ್ಕಿ ವ್ಯಾಪಾರ ಮಾಡಿತು. ಅಮೆರಿಕದಲ್ಲಿ ಅದರ ಏಕಸ್ವಾಮ್ಯ ಮುರಿದದ್ದು 2011ರಲ್ಲಿ. ನಮ್ಮಲ್ಲಿ ಅದು ಮೊದಲೇ ಅಗ್ಗವಾಗಿತ್ತು. ಯಾರ ದಾನದಿಂದಲೂ ಅಲ್ಲ. ನಮ್ಮ 1970ರ ಪೇಟೆಂಟ್ ಕಾಯಿದೆ ಔಷಧಿಗೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದರ ಫಲ ಇದು. 2005ರಲ್ಲಿ ಆ ಕಾಯಿದೆಯನ್ನು ತಿದ್ದಿ ಔಷಧಿಗೂ ಪೇಟೆಂಟ್ ಕೊಟ್ಟರು. ಮುಂದಿನ ಔಷಧಿಗಳ ಗತಿಯೇನೆಂದು ಯೋಚಿಸಿರಿ.

ಅಟೋರ್ವಾಸ್ಟಾಟಿನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವುದು ಬೇರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿರುವುದು ಬೇರೆ. ಇದು ಹತ್ತು ದಿನ ನುಂಗಿ ಬಿಡುವ ಗುಳಿಗೆಯಲ್ಲ. ವರ್ಷಗಟ್ಟಲೆ ನಿತ್ಯ ಬೇಕು. ಔಷಧಿಗಾಗಿ ಒಂದು ದಿನದ ಕೂಲಿ ಕಳೆದುಕೊಂಡು ಪೇಟೆಗೆ ಬರಬೇಕಾದವನು ಎರಡನೆಯ ತಿಂಗಳಿಗೇ ಬಿಟ್ಟುಬಿಡುತ್ತಾನೆ. ಆದ್ದರಿಂದ ನಮ್ಮ ಬೇಡಿಕೆ ಸರಳ: ಪ್ರತಿ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ, ಬೇಕಾದವರಿಗೆ ತಿಂಗಳ ಗುಳಿಗೆ, ಎರಡೂ ಉಚಿತ, ಒಂದು ತಿಂಗಳೂ ತಪ್ಪದಂತೆ. ನಿಮ್ಮ ನಿಮ್ಮ ಊರಿನ ಕೇಂದ್ರಕ್ಕೆ ಹೋಗಿ ಕಪಾಟು ತೆಗೆಸಿ ನೋಡಿರಿ. ಖಾಲಿಯಿದ್ದರೆ ಚಳವಳಿ ಅಲ್ಲಿಂದಲೇ ಆರಂಭವಾಗಲಿ.