ಉಳಿಸಿಕೊಳ್ಳುವುದಕ್ಕೂ ಒಂದು ಬೆಲೆ ಇರಲಿ

ಉಕ್ಕಡಂ ಕಡೆಯ ಟೀ ಅಂಗಡಿಗಳಲ್ಲಾಗಲಿ, ನಿಮ್ಮ ಊರಿನ ಜಗಲಿಯ ಮೇಲಾಗಲಿ, ಹುಡುಗರು ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ‘ನನ್ನ ತಂಡ, ನಿನ್ನ ತಂಡ’ ಎಂದು ವಾದಿಸುವುದನ್ನು ನೀವು ಕೇಳಿರಬಹುದು. ಅದು ಫ್ಯಾಂಟಸಿ ಲೀಗ್. ಹಾಕಿ ಇರಲಿ, ಕ್ರಿಕೆಟ್ ಇರಲಿ, ನಿಜವಾದ ಆಟಗಾರರನ್ನು ಗೆಳೆಯರು ಸರದಿಯಂತೆ ಆರಿಸಿಕೊಳ್ಳುತ್ತಾರೆ. ಮೈದಾನದಲ್ಲಿ ಅವರು ಗಳಿಸಿದ್ದು ಇವರ ಲೆಕ್ಕದ ಪುಸ್ತಕಕ್ಕೆ ಅಂಕವಾಗಿ ಬರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿದೆ. ನಾನು ಹೇಳುತ್ತಿರುವುದು ಹಣವಿಲ್ಲದೆ ಗೆಳೆಯರೊಳಗೆ ಆಡುವ ಆಟದ ಮಾತು. ಇಲ್ಲಿ ಪಣಕ್ಕಿರುವುದು ಗೆಳೆತನ ಒಂದೇ.

ಜಗಳ ಹುಟ್ಟುವುದು ಎರಡನೆಯ ವರ್ಷ. ಹಳೆಯ ಆಟಗಾರರಲ್ಲಿ ಕೆಲವರನ್ನು ಉಳಿಸಿಕೊಳ್ಳಬಹುದು ಎಂಬ ನಿಯಮವಿದ್ದರೆ, ಮೊದಲ ವರ್ಷ ಅದೃಷ್ಟ ಒಲಿದವನೇ ಪ್ರತಿವರ್ಷ ಗೆಲ್ಲುತ್ತಾನೆ. ಉಳಿದವರು ಬೇಸತ್ತು ಆಟ ಬಿಡುತ್ತಾರೆ.

ಇದಕ್ಕೆ ಮದ್ದು ನಮಗೆ ಗೊತ್ತಿರುವ ಹರಾಜಿನ ಚೀಟಿಯಲ್ಲೇ ಇದೆ. ತಮಿಳಿನಲ್ಲಿ ಏಲಚ್ಚೀಟ್ಟು ಅನ್ನುತ್ತೇವಲ್ಲ, ಅದು. ಬೇಗ ಹಣ ಬೇಕಾದವನು ಕಡಿಮೆಗೆ ಒಪ್ಪಿಕೊಳ್ಳುತ್ತಾನೆ, ಬಿಟ್ಟುಕೊಟ್ಟದ್ದನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಹಾಗೆಯೇ, ಉಳಿಸಿಕೊಳ್ಳುವವನು ಒಂದು ಸರದಿ ಬಿಟ್ಟುಕೊಡಲಿ. ಕಳೆದ ವರ್ಷ ಹತ್ತನೆಯ ಸುತ್ತಿನಲ್ಲಿ ಸಿಕ್ಕ ಆಟಗಾರನಿಗೆ ಈ ವರ್ಷ ಎಂಟನೆಯ ಸುತ್ತಿನ ಸರದಿ, ಮುಂದಿನ ವರ್ಷ ಆರನೆಯದು. ಬೆಲೆ ಏರುತ್ತ ಹೋದರೆ ಒಂದು ದಿನ ಅವನೇ ಕೈಬಿಡುತ್ತಾನೆ. ಐಪಿಎಲ್‌ನಲ್ಲೂ ಇದೇ ನ್ಯಾಯ. 2025ರ ಪಂದ್ಯಾವಳಿಗೆ ಬೆಂಗಳೂರು ತಂಡ ವಿರಾಟ್ ಕೊಹ್ಲಿ ಸೇರಿ ಮೂವರನ್ನು ಉಳಿಸಿಕೊಂಡಿತು. 120 ಕೋಟಿಯ ಚೀಲದಿಂದ 37 ಕೋಟಿ ಅಲ್ಲೇ ಖರ್ಚಾಯಿತು.

ಇನ್ನು ಸರದಿಯ ಮಾತು. ಕೊನೆಗೆ ಬಂದವನಿಗೆ ಮೊದಲ ಆಯ್ಕೆ ಕೊಡುವುದು ಧರ್ಮವೇ. ಆದರೆ ಬೇಕೆಂದೇ ಸೋಲುವವನೂ ಇರುತ್ತಾನೆ. ಅಮೆರಿಕ, ಕೆನಡಾಗಳ ಮಂಜುಗಡ್ಡೆಯ ಹಾಕಿ ಲೀಗಿನಲ್ಲಿ 1984ರಲ್ಲಿ ಕಟ್ಟಕಡೆಗೆ ನಿಂತ ಪಿಟ್ಸ್‌ಬರ್ಗ್ ತಂಡಕ್ಕೆ ಮೊದಲ ಆಯ್ಕೆಯಲ್ಲಿ ಮಾರಿಯೊ ಲೆಮ್ಯೂ ಸಿಕ್ಕ. ಬೇಕೆಂದೇ ಸೋತರೆಂಬ ಗುಮಾನಿ ಇಂದಿಗೂ ಹೋಗಿಲ್ಲ. 1995ರಿಂದ ಆ ಲೀಗು ಮೊದಲ ಸರದಿಗೆ ಲಾಟರಿ ಎತ್ತುತ್ತಿದೆ. ಐದು ವರ್ಷದಲ್ಲಿ ಒಂದು ತಂಡ ಎರಡಕ್ಕಿಂತ ಹೆಚ್ಚು ಸಲ ಲಾಟರಿ ಗೆಲ್ಲಬಾರದೆಂದು 2022ರಲ್ಲಿ ಮತ್ತೊಂದು ಕಟ್ಟು ಹಾಕಿತು. ನಿಮ್ಮ ಹುಡುಗರೂ ಕೊನೆಯ ಮೂವರ ಹೆಸರು ಬರೆದು ಚೀಟಿ ಎತ್ತಲಿ. ಎತ್ತುವುದು ಮನೆಯ ಪುಟ್ಟ ಮಗುವಿನ ಕೈಯಾಗಲಿ.

ನಿಯಮ ಬದಲಿಸುವುದು ತಪ್ಪಲ್ಲ. ನಮ್ಮ ಕೊಯಮತ್ತೂರಿನ ಕೋವೈ ಕಿಂಗ್ಸ್ ಆಡುವ ತಮಿಳುನಾಡು ಪ್ರೀಮಿಯರ್ ಲೀಗ್ ಕೂಡ ಸರದಿ ಆಯ್ಕೆ ಬಿಟ್ಟು 2023ರಲ್ಲಿ ಹರಾಜಿಗೆ ಬಂತು. ಆ ಹರಾಜಿನಲ್ಲಿ ಸಾಯಿ ಸುದರ್ಶನ್ ಅವರಿಗೆ ಕೋವೈ 21.6 ಲಕ್ಷ ಕೊಟ್ಟಿತು. ಆದರೆ ಬದಲಾವಣೆ ಆದದ್ದು ಪಂದ್ಯಾವಳಿಗೆ ಮುಂಚೆ, ಎಲ್ಲರಿಗೂ ತಿಳಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಆಟದ ನಡುವೆ ಬಾಗಿಲು ಹಾಕಿದರೆ ಒಳಗಿದ್ದವನು ಕಳ್ಳನಾಗುತ್ತಾನೆ. ಈಗಾಗಲೇ ಹಳೆಯ ನಿಯಮ ನಂಬಿ ಆರಿಸಿಕೊಂಡವನಿಗೆ ಒಂದು ವರ್ಷದ ಗಡುವು ಕೊಡಿ. ಎಲ್ಲರೂ ಕೂತು ಒಪ್ಪಿ, ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ಕನ್ನಡದಲ್ಲಿ ಬರೆದರೂ ಸರಿ, ತಮಿಳಿನಲ್ಲಿ ಬರೆದರೂ ಸರಿ.